ನಾಯಿ ಮಧ್ಯಾಹ್ನ ಎಲ್ಲಿ ಮಲಗುತ್ತದೆ?

(ಧಾರವಾಡದ ವಿದ್ಯಾಗಿರಿಯಲ್ಲಿ ನಾಯಿ ಸಾಕುವ ಕೆಲವು ಮನೆಯವರು ಒಂದು ಭಾನುವಾರ ಬೆಳಿಗ್ಗೆ ಸೇರಿದ್ದಾಗ ಅವರಲ್ಲೊಬ್ಬರು ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ಕೆಲವು ವರ್ಷದ ಹಿಂದೆ ನಮ್ಮ ಗೇಟಿಗೆ ಯಾರೋ ಒಂದು ಚೀಟಿ ಸಿಕ್ಕಿಸಿ ಹೋಗಿದ್ದರು. "ನಿಮ್ಮ ನಾಯಿ ಹತ್ತರಿಂದ ಎರಡರ ತನಕ ಒಂದೇ ಸಮ ಊಳಿಡತೈತಿ. ನಮ್ಮ ಮನ್ಯಾಗ ಪರೀಕ್ಷಾಕ್ಕ ಓದೋ ಹುಡುಗ ಅದಾನ." ಕೆಳಗೆ ಹೆಸರಿರಲಿಲ್ಲ. ಪಕ್ಕದ ಮನೆಯವರ ಅಕ್ಷರ ನಮಗೆ ಗೊತ್ತಿಲ್ಲವೇ? ಬೇಕಂತಲೇ ಹೆಸರು ಬರೆದಿರಲಿಲ್ಲ, ಮುಖ ಕೆಡಬಾರದು ಅಂತ. ಒಳ್ಳೆಯ ಮಂದಿ.

ಆಗ ನಮ್ಮ ಮನೆಯಲ್ಲಿ ಇದ್ದದ್ದು ಚಿನ್ನಿ. ಲ್ಯಾಬ್ರಡಾರ್, ಮೂರು ವರ್ಷದವಳು. ನಾನು ಇಲ್ಲೇ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಮನೆಯವರ ಆಫೀಸು ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ. ಮಗಳು ಶಾಲೆಗೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ, ಸಂಜೆ ಆರಕ್ಕೆ ಬಾಗಿಲು. ಚೀಟಿ ಓದಿ ನಮಗೆ ನಾಚಿಕೆ ಆಯಿತು. ನಾಚಿಕೆಯಾದಾಗ ಮನುಷ್ಯ ಅವಸರ ಮಾಡುತ್ತಾನೆ, ಅಲ್ವಾ? ಎರಡೇ ದಿನದಲ್ಲಿ ಹುಬ್ಬಳ್ಳಿಯಲ್ಲಿ, ಹಗಲು ಹೊತ್ತು ನಾಯಿಗಳನ್ನು ನೋಡಿಕೊಳ್ಳುವ ಒಂದು ಡೇ ಕೇರ್ ಹುಡುಕಿದೆವು. ಹೆಸರು ಬೇಡ. ಗೋಡೆ ಮೇಲೆ ನಾಯಿಗಳ ಬಣ್ಣಬಣ್ಣದ ಚಿತ್ರ, ನೆಲಕ್ಕೆ ಹಸಿರು ಹುಲ್ಲಿನ ಚಾಪೆ, ದಿನಾ ಮೊಬೈಲಿಗೆ ವಿಡಿಯೋ. ನೋಡಿ ಮರುಳಾದೆವು.

ಸಂಜೆ ಕಾರಿನಲ್ಲಿ ಕೂರಿಸಿಕೊಂಡು ಬರುವಾಗ ಉಣಕಲ್ ಕೆರೆ ದಾಟುವಷ್ಟರಲ್ಲಿ ಚಿನ್ನಿ ಸತ್ತವಳ ಹಾಗೆ ಮಲಗಿಬಿಡುತ್ತಿದ್ದಳು. ನಮಗೆ ಖುಷಿಯೋ ಖುಷಿ. "ಎಷ್ಟು ಆಡಿರಬೇಕು ನೋಡ್ರಿ" ಅಂತ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಒಂದು ತಿಂಗಳು ಕಳೆಯಿತು. ಒಂದು ರಾತ್ರಿ ಮಗಳು ಹಾಸಿಗೆ ಹತ್ತಿರ ಹೋದಾಗ ಚಿನ್ನಿ ಗುರ್ ಅಂದಳು. ಆ ತನಕ ಯಾವತ್ತೂ ಅಂದವಳಲ್ಲ. ವಾರದ ನಂತರ ಕಚ್ಚಲು ಬಾಯಿ ಹಾಕಿದಳು. ಚರ್ಮಕ್ಕೆ ತಾಗಲಿಲ್ಲ, ಗಾಳಿಯಲ್ಲಿ. ಆದರೂ ನನ್ನ ಎದೆ ಧಸಕ್ಕೆಂದಿತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಪಾದ ಎತ್ತಿ ನೋಡಿದರು. ಅಡಿಯ ಮೆತ್ತೆ ಉಜ್ಜಿ ಕೆಂಪಾಗಿತ್ತು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಅಲ್ಲಿ ಇದು ಮಧ್ಯಾಹ್ನ ಎಲ್ಲಿ ಮಲಗತೈತ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಎಲ್ಲಿ ಆಡುತ್ತಾಳೆ ಗೊತ್ತಿತ್ತು, ಏನು ತಿನ್ನುತ್ತಾಳೆ ಗೊತ್ತಿತ್ತು. ಎಲ್ಲಿ ಮಲಗುತ್ತಾಳೆ ಅಂತ ಕೇಳಿರಲೇ ಇಲ್ಲ. ಮರುದಿನ ರಜೆ ಹಾಕಿ ಒಂದೂವರೆಗೆ ಹೋದೆ, ಹೇಳದೆ ಕೇಳದೆ. ಒಂದೇ ಕೋಣೆ, ಇಪ್ಪತ್ತರ ಮೇಲೆ ನಾಯಿಗಳು, ಒಬ್ಬ ಹುಡುಗ. ಅವನ ಕಣ್ಣು ಮೊಬೈಲಿನಲ್ಲಿ. ಮೇಲೆ ತಗಡಿನ ಸೂರು. ಚಿನ್ನಿ ಮೂಲೆಯಲ್ಲಿ ಗೋಡೆಗೆ ಒತ್ತಿ ನಿಂತಿದ್ದಳು, ನಾಲಿಗೆ ಹೊರಗೆ. ಒಂದು ಮರಿ ಅವಳ ಕಿವಿಗೆ ಜೋತುಬಿದ್ದಿತ್ತು. ಅವಳು ಕೂರಲು ಹೋದರೆ ಇನ್ನೊಂದು ಬಂದು ಮೂಸುತ್ತಿತ್ತು. ಮತ್ತೆ ಏಳುತ್ತಿದ್ದಳು. ಒಂಬತ್ತು ತಾಸು ಹೀಗೆ.

ಬೆಳೆದ ನಾಯಿ ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ತಾಸು ನಿದ್ದೆ ಮಾಡುತ್ತದೆ. ಮರಿಗಳು ಹದಿನೆಂಟು ತಾಸಿನವರೆಗೂ. ಅದರಲ್ಲಿ ದೊಡ್ಡ ಪಾಲು ಹಗಲಿನದು, ನಾವು ಮನೆಯಲ್ಲಿ ಇಲ್ಲದ ಹೊತ್ತಿನದು. ಅಂದರೆ ನಾವು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಮುಖ್ಯವಾಗಿ ಒಂದು ಮಲಗುವ ಜಾಗ. ಆಟ ಅದರ ಪಕ್ಕದ ಉಪ್ಪಿನಕಾಯಿ. ಇವತ್ತು ಹೇಳಬೇಕಾದದ್ದು ಇಷ್ಟೇ ಅಂದರೂ ನಡೆಯುತ್ತದೆ. ಆದರೆ ನೀವು ದೂರದಿಂದ ಬಂದಿದ್ದೀರಿ, ಮುಂದಿನದನ್ನೂ ಹೇಳುತ್ತೇನೆ.

ಆ ಊಳಿನ ವಿಷಯ ಬಿಟ್ಟುಬಿಟ್ಟೆ. ಚಿನ್ನಿ ಯಾಕೆ ಊಳಿಡುತ್ತಿದ್ದಳು? ನಮ್ಮ ಅತ್ತೆ ಗದಗಿಗೆ, ಮೈದುನನ ಮನೆಗೆ ಹೋಗಿ ಆರು ವಾರ ಆಗಿತ್ತು. ಅವರಿದ್ದಾಗ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು, ಚಿನ್ನಿ ಅವರ ಕಾಲ ಬುಡದಲ್ಲಿ. ಅವಳಿಗೆ ಒಂಟಿತನ ಅಂದರೆ ಏನಂತಲೇ ಗೊತ್ತಿರಲಿಲ್ಲ. ಒಂದು ಸೋಮವಾರ ಇದ್ದಕ್ಕಿದ್ದ ಹಾಗೆ ಒಂಬತ್ತು ತಾಸು ಖಾಲಿ ಮನೆ. ನಮಗೆ ಆ ಎರಡನ್ನೂ ಜೋಡಿಸಿ ನೋಡುವುದು ಹೊಳೆಯಲೇ ಇಲ್ಲ.

ನಮ್ಮ ಕಡೆಯ ಹಳೆಯ ಮನೆಗಳನ್ನು ನೆನೆಸಿಕೊಳ್ಳಿ. ವಾಡೆ ಇರಲಿ, ಸಣ್ಣ ಜಂತಿ ಮನೆ ಇರಲಿ, ಹಗಲು ಹೊತ್ತು ಯಾರಾದರೂ ಇದ್ದೇ ಇರುತ್ತಿದ್ದರು. ನಾಯಿ ಕಟ್ಟೆಯ ಮೇಲೆ, ಅಜ್ಜ ಒಳಗೆ, ಬಾಗಿಲು ಹಾರು ಹೊಡೆದದ್ದು. ನಾಯಿ ನೋಡಿಕೊಳ್ಳುವುದು ಅಂತ ಒಂದು ಕೆಲಸವೇ ಇರಲಿಲ್ಲ. ಈಗ ಒಬ್ಬರು ಹೈಕೋರ್ಟ್ ಪೀಠದ ಕಡೆ, ಒಬ್ಬರು ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ. ಇಪ್ಪತ್ತು ಕಿಲೋಮೀಟರ್ ಏನು ದೂರ ಅಂತೀರಿ. ಹೋಗುವುದು ಬರುವುದು ಸೇರಿಸಿ ನೋಡಿ, ನಾಯಿಯ ಲೆಕ್ಕದಲ್ಲಿ ಒಂದು ತಾಸಿನ ಮೇಲೆ ಜಾಸ್ತಿ ಆಯಿತು.

ಹಾಗಾಗಿ ಡೇ ಕೇರ್ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಹಳೆಯ ಫೋನ್ ಒಂದನ್ನು ಕಪಾಟಿನ ಮೇಲೆ ಇಟ್ಟು ವಿಡಿಯೋ ಚಾಲೂ ಮಾಡಿ ಹೋಗಿ. ಮೊದಲ ಅರ್ಧ ತಾಸು ಚೆನ್ನಾಗಿ ನೋಡಿ. ಒಂಟಿತನ ತಡೆಯದ ನಾಯಿ ಸಾಮಾನ್ಯವಾಗಿ ಅಷ್ಟರಲ್ಲೇ ತೋರಿಸಿಕೊಡುತ್ತದೆ. ಬಾಗಿಲ ಚೌಕಟ್ಟು ಕೆರೆಯುವುದು, ಜೊಲ್ಲು ಸುರಿಸುವುದು, ಒಂದೇ ದಾರಿಯಲ್ಲಿ ಅತ್ತಿಂದಿತ್ತ ತಿರುಗುವುದು, ಇಟ್ಟ ತಿಂಡಿ ಮುಟ್ಟದಿರುವುದು. ಇಂಥ ನಾಯಿಗೆ ಡೇ ಕೇರ್ ಒಂದೇ ಮದ್ದಲ್ಲ. ಡಾಕ್ಟರನ್ನು ಕಾಣಬೇಕು, ಎರಡು ನಿಮಿಷ, ಐದು ನಿಮಿಷ ಅಂತ ನಿಧಾನವಾಗಿ ಒಂಟಿ ಇರುವುದನ್ನು ಕಲಿಸಬೇಕು.

ಈಗ ನಮ್ಮಲ್ಲಿ ಇರುವವನು ಬೋರ, ಸಾಧನಕೇರಿ ಹತ್ತಿರ ಸಿಕ್ಕ ಬೀದಿ ಮರಿ. ಅವನ ವಿಡಿಯೋ ನೋಡಿದೆವು. ನಾವು ಹೋದ ಮೇಲೆ ಬಾಗಿಲು ಮೂಸಿದ, ನಿಟ್ಟುಸಿರು ಬಿಟ್ಟ, ನಮ್ಮವರ ಲುಂಗಿ ಎಳೆದುಕೊಂಡು ಬಂದು ಹಾಸಿ ಮಲಗಿದ. ಹನ್ನೆರಡೂವರೆ ತನಕ ಎದ್ದಿದ್ದು ಎರಡೇ ಸಲ. ಒಂದು ಸಲ ಮಗ್ಗುಲು ಬದಲಾಯಿಸಲಿಕ್ಕೆ. ಇವನಿಗೆ ಡೇ ಕೇರ್ ಯಾಕ್ರೀ ಬೇಕು? ಮಧ್ಯಾಹ್ನ ಒಮ್ಮೆ ಉಚ್ಚೆಗೆ ಬಿಡುವವರು ಬೇಕು, ಅಷ್ಟೇ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಕ್ಕ ಮೊದಲು ಬೆಳಿಗ್ಗೆ ಬರುತ್ತಿದ್ದರು. ಅವರ ಜೊತೆ ಮಾತಾಡಿ, ಸಂಬಳ ಹೆಚ್ಚು ಮಾಡಿ, ಒಂದು ಗಂಟೆಗೆ ಬರುವ ಹಾಗೆ ಮಾಡಿಕೊಂಡೆವು. ಮೊದಲು ನಾಯಿ ಅಂದರೆ ಹೆದರುತ್ತಿದ್ದರು. ಈಗ ನನ್ನನ್ನು ಬಿಟ್ಟು ಅವನ ಜೊತೆಯೇ ಮಾತು.

ಮರಿಗಳ ಲೆಕ್ಕ ಬೇರೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಹೆಚ್ಚುಕಡಿಮೆ ಅಷ್ಟು ತಾಸು ಉಚ್ಚೆ ತಡೆಯಬಲ್ಲದು. ಮೂರು ತಿಂಗಳ ಮರಿ ಅಂದರೆ ನಾಲ್ಕು ತಾಸು, ಅದೂ ಬಹಳ ಆಯಿತು. ದೊಡ್ಡ ನಾಯಿ ಆರು ತಾಸು, ಎಂಟು ತಾಸು ತಡೆಯುತ್ತದೆ, ನಿಜ. ತಡೆಯುತ್ತದೆ ಅಂತ ತಡೆಸುವುದು ಸರಿಯೇ?

ನಾಯಿಯನ್ನು ಬಿಟ್ಟುಹೋಗಲು ನಮ್ಮ ಅವಳಿ ನಗರದಲ್ಲಿ ಇರುವ ದಾರಿಗಳನ್ನು ನೋಡೋಣ. ಮಧ್ಯಾಹ್ನ ಯಾರಾದರೂ ಮನೆಗೆ ಬಂದು ಹೋಗುವುದು, ಅದನ್ನು ಹೇಳಿದೆ. ನನ್ನ ಮಟ್ಟಿಗೆ ಹತ್ತರಲ್ಲಿ ಆರು ನಾಯಿಗೆ ಇದೇ ಸಾಕು. ಇನ್ನೊಂದು, ನಾಯಿ ಪ್ರೀತಿಸುವ ಒಬ್ಬರು ತಮ್ಮ ಮನೆಯಲ್ಲೇ ಎರಡು ಮೂರು ನಾಯಿ ಇಟ್ಟುಕೊಳ್ಳುವುದು. ರಿಟೈರ್ ಆದವರು, ಮನೆಯಲ್ಲಿ ಇರುವ ಹೆಣ್ಣುಮಕ್ಕಳು ಕೆಲವರು ಮಾಡುತ್ತಾರೆ. ಸಿಕ್ಕರೆ ಪುಣ್ಯ. ಮೂರನೆಯದು ಡೇ ಕೇರ್ ಅಂತಲೇ ಇರುವ ಜಾಗ. ನಾಲ್ಕನೆಯದು ಹೆಸರಿಗೆ ಮಾತ್ರ ಡೇ ಕೇರ್. ಅಂಗಡಿಯ ಹಿಂದೆ ಪಂಜರ, ಪಂಜರದೊಳಗೆ ನಾಯಿ. ಸ್ನಾನ ಮಾಡಿಸುವ ಅಂಗಡಿಯಲ್ಲಿ ಒಂದು ತಾಸು ಪಂಜರದಲ್ಲಿ ಇದ್ದರೆ ಏನಾಗುವುದಿಲ್ಲ. ದಿನಾ ಒಂಬತ್ತು ತಾಸು ಇಟ್ಟರೆ ಅದು ಬೇರೆ ಮಾತು.

ಐದನೆಯದು ನಮ್ಮವರಿಗೆ ಬಹಳ ಇಷ್ಟದ್ದು, ತೋಟದ ಮನೆ. "ನವಲೂರ ಕಡೆ ನಮ್ಮ ಕಾಕಾನ ಹೊಲ ಐತಿ, ಅಲ್ಲಿ ಬಿಟ್ರ ಆರಾಮ ಇರತೈತಿ." ಆರಾಮ ಇರುತ್ತದೋ, ಕಟ್ಟಿಹಾಕಿರುತ್ತಾರೋ? ಹೋಗಿ ನೋಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಇದೆಯಲ್ಲ, ಅದರಲ್ಲಿ ಪ್ರಾಣಿಯನ್ನು ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಿಂದ ಹೊತ್ತುಮೀರಿ ಕಟ್ಟಿಹಾಕುವುದು ಹಿಂಸೆ ಅಂತ ಬರೆದಿದೆ. ನಾಯಿಯ ಹೆಸರು ಹೇಳಿ ಇನ್ನೊಂದು ಮಾತೂ ಇದೆ. ಯಾವಾಗಲೂ ಕಟ್ಟಿಹಾಕಿದ ನಾಯಿಯನ್ನು ತಿರುಗಾಡಿಸದೇ ಇರುವುದು ಮಾಲೀಕನ ತಪ್ಪು. ಕಾಕಾನ ತಪ್ಪಲ್ಲ, ನಿಮ್ಮದು. ಅರವತ್ತು ವರ್ಷ ದಾಟಿದ ಕಾಯ್ದೆ ಇದು. ನಮ್ಮ ಓಣಿಗಳಲ್ಲಿ ಓದಿದವರು ಕಡಿಮೆ.

ಸರಿ, ಡೇ ಕೇರ್ ಬೇಕೇ ಬೇಕು ಅಂತ ಆಯಿತು ಅಂದುಕೊಳ್ಳಿ. ನೋಡಲು ಯಾವಾಗ ಹೋಗುತ್ತೀರಿ? ಎಲ್ಲರೂ ಸಂಜೆ ಹೋಗುತ್ತಾರೆ, ಇಲ್ಲವೇ ಭಾನುವಾರ. ಆಗ ನೆಲ ತೊಳೆದಿರುತ್ತದೆ, ನಾಯಿ ನಾಲ್ಕೇ ಇರುತ್ತವೆ, ಮಾಲೀಕರೇ ಎದುರಿಗೆ ಬಂದು ಚಹಾ ಕೊಡುತ್ತಾರೆ. ನೀವು ಕೆಲಸದ ದಿನ ಮಧ್ಯಾಹ್ನ ಒಂದರಿಂದ ಮೂರರ ಒಳಗೆ ಹೋಗಿ. ಆ ಹೊತ್ತಿನಲ್ಲಿ ಒಳ್ಳೆಯ ಜಾಗ ಬೇಸರ ಬರುವಷ್ಟು ಸುಮ್ಮನಿರುತ್ತದೆ. ಒಂದೊಂದು ನಾಯಿ ಒಂದೊಂದು ಕಡೆ ಬಿದ್ದುಕೊಂಡಿರುತ್ತದೆ. ಕೆಲವಕ್ಕೆ ಅಡ್ಡಗೋಡೆ, ಕೆಲವಕ್ಕೆ ಪ್ರತ್ಯೇಕ ಕೋಣೆ. ಯಾರೋ ಒಬ್ಬರು ಮೂಲೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿರುತ್ತಾರೆ, ಕಣ್ಣು ನಾಯಿಗಳ ಮೇಲೆ. ಇಂಥ ಜಾಗದ ವಿಡಿಯೋ ಯಾರೂ ಹಾಕುವುದಿಲ್ಲ, ನೋಡಲು ಏನೂ ಇರುವುದಿಲ್ಲವಲ್ಲ! "ಈಗ ಬರಬ್ಯಾಡ್ರಿ, ನಾಯಿ ಗದ್ದಲ ಮಾಡ್ತಾವ" ಅಂದರೆ ಅದು ನ್ಯಾಯವೇ. ಮಲಗಿದ್ದನ್ನು ಎಬ್ಬಿಸಬಾರದು. ಆದರೆ ಕಿಟಕಿಯಿಂದಲೋ, ಕ್ಯಾಮೆರಾದಲ್ಲೋ ತೋರಿಸಲಿ. ಒಳಗೆ ಬಿಡಲೂ ಒಲ್ಲೆ, ತೋರಿಸಲೂ ಒಲ್ಲೆ ಅಂದರೆ ಚಹಾ ಕುಡಿಯದೆ ಎದ್ದು ಬನ್ನಿ.

ಮೇಲೆ ನೋಡಿ. ತಗಡಿನ ಸೂರೇ? ಏಪ್ರಿಲ್ ಕೊನೆಗೆ ಹುಬ್ಬಳ್ಳಿಯಲ್ಲಿ 38, 39 ಡಿಗ್ರಿ ಆಗುತ್ತದೆ. ನಾವು ಧಾರವಾಡದವರು "ನಮ್ಮೂರು ತಂಪು" ಅಂತ ಮೀಸೆ ತಿರುವುತ್ತೇವೆ. ತಗಡಿನ ಕೆಳಗೆ ಧಾರವಾಡವೂ ಹುಬ್ಬಳ್ಳಿಯೇ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಚಿಲ್ಲರೆ ಇರುತ್ತದೆ. 41 ದಾಟಿದರೆ ಜೀವಕ್ಕೆ ಅಪಾಯ. ನಡುವೆ ಎಷ್ಟು ಕಡಿಮೆ ಅಂತರ ನೋಡಿ. ನಮ್ಮ ಹಾಗೆ ಮೈತುಂಬ ಬೆವರುವುದಿಲ್ಲ ಅದು, ಪಾದದಲ್ಲಿ ಸ್ವಲ್ಪ ಅಷ್ಟೇ. ತೇಕಿ ತೇಕಿ ನಾಲಿಗೆಯಿಂದಲೇ ತಂಪಾಗಬೇಕು. ಅದಕ್ಕೇ "ಫ್ಯಾನ್ ಹಾಕೀವ್ರಿ" ಅನ್ನುವುದು ಪೂರ್ತಿ ಉತ್ತರವಲ್ಲ. ಫ್ಯಾನ್ ಗಾಳಿ ನಮಗೆ ಹಿತ ಅನ್ನಿಸುವುದು ನಮ್ಮ ಬೆವರು ಆರುವುದರಿಂದ. ಒಣ ಕೂದಲಿನ ನಾಯಿಗೆ ಅದರಿಂದ ಲಾಭ ಕಡಿಮೆ. ಮೈ ಒದ್ದೆ ಮಾಡಿ ಫ್ಯಾನ್ ಹಾಕಿದರೆ ಲಾಭ ಇದೆ. ನೆರಳು, ತಂಪಾದ ನೆಲ, ಎರಡು ಮೂರು ಕಡೆ ನೀರು, ಕರೆಂಟ್ ಹೋದರೆ ಏನು ವ್ಯವಸ್ಥೆ, ಇವನ್ನು ಕೇಳಿ. ಪಗ್, ಶಿಟ್ಸು ಥರದ ಮೂಗು ಚಪ್ಪಟೆ ನಾಯಿಗಳಿಗೆ ತೇಕುವುದೇ ಕಷ್ಟ. ಅವನ್ನು ಸಾಕಿದವರು ಇಲ್ಲಿ ಮೂರು ಜನ ಇದ್ದೀರಿ. ಬೇಸಿಗೆಯ ಎರಡು ತಿಂಗಳು ಮನೆಯೇ ಲೇಸು ಅಂತ ನನ್ನ ಅಭಿಪ್ರಾಯ.

ಆಮೇಲೆ ಗೋಡೆ ನೋಡಿ. ನಗಬೇಡಿ, ನಾನು ಗೋಡೆಗೆ ಮುಖ ಹಚ್ಚಿಯೇ ನೋಡುತ್ತೇನೆ. ಬಿರುಕು ಇದೆಯೇ, ಪ್ಲಾಸ್ಟರ್ ಉದುರಿದೆಯೇ? ಯಾಕೆಂದರೆ ಉಣ್ಣಿ. ನಮ್ಮ ನಾಯಿಗಳಿಗೆ ಹತ್ತುವ ಕಂದು ಉಣ್ಣಿ ರಕ್ತ ಕುಡಿದು ಉಬ್ಬಿದ ಮೇಲೆ ಕೆಳಗೆ ಬೀಳುತ್ತದೆ. ಗೋಡೆ ಹತ್ತಿ ಬಿರುಕಿನಲ್ಲಿ ಸೇರಿ ಸಾವಿರಗಟ್ಟಲೆ ತತ್ತಿ ಇಡುತ್ತದೆ. ಹುಲ್ಲು ಪೊದೆ ಏನೂ ಬೇಕಾಗಿಲ್ಲ, ಮನೆಯೊಳಗೇ ಅದರ ಸಂಸಾರ ನಡೆಯುತ್ತದೆ. ನಿಮ್ಮ ನಾಯಿಗೆ ಎಷ್ಟು ಮದ್ದು ಹಾಕಿದರೂ ಆ ಗೋಡೆಯಿಂದ ಮತ್ತೆ ಮತ್ತೆ ಬರುತ್ತವೆ. ಅದರ ಹಿಂದೆ ಉಣ್ಣಿ ಜ್ವರ. ಊಟ ಬಿಡುತ್ತದೆ, ವಸಡು ಬೆಳ್ಳಗಾಗುತ್ತದೆ, ಕೆಲವು ಸಲ ಮೂಗಿನಲ್ಲಿ ರಕ್ತ. ಚಿನ್ನಿಗೆ ಬಂದಿತ್ತು. ತಿಂಗಳ ಪೂರ್ತಿ ಮಾತ್ರೆ ನುಂಗಿಸಿದೆವು, ಪೇಢಾದಲ್ಲಿ ಮುಚ್ಚಿಟ್ಟು. ಹೌದು, ಪೇಢಾ ಕೊಡಬಾರದು, ನನಗೂ ಗೊತ್ತು. ಮಾತ್ರೆ ನುಂಗಿಸಿ ನೋಡಿದವರಿಗೆ ಮಾತ್ರ ಆ ಸಂಕಟ ಗೊತ್ತು. ಈಗ ಬೋರನಿಗೆ ರೊಟ್ಟಿ ಚೂರಿನಲ್ಲಿ ಕೊಡುತ್ತೇವೆ.

ಗೇಟು ಎರಡು ಇರಬೇಕು. ಒಂದು ತೆರೆದಾಗ ಇನ್ನೊಂದು ಮುಚ್ಚಿರಬೇಕು. ಇದು ಇಲ್ಲದ ಜಾಗಕ್ಕೆ ಮುಧೋಳ ನಾಯಿ ಇದ್ದವರಂತೂ ಹೋಗಲೇಬೇಡಿ. ಇಲ್ಲಿ ಒಂದು ಮಾತು, ವಿಷಯ ಸ್ವಲ್ಪ ಆಚೆ ಹೋದರೂ ಪರವಾಗಿಲ್ಲ. ಮುಧೋಳ ನಮ್ಮ ಹೆಮ್ಮೆ. 2005ರಲ್ಲಿ ಅಂಚೆ ಚೀಟಿ ಬಂತು, ಸೈನ್ಯವೂ ತೆಗೆದುಕೊಂಡಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ್ದೇ ಒಂದು ಕೇಂದ್ರ ಇದೆ. ಅದೆಲ್ಲ ಕೇಳಿ ಫ್ಲ್ಯಾಟಿನವರೂ ತರುತ್ತಿದ್ದಾರೆ. ಆದರೆ ಅದು ಕಣ್ಣಿನಿಂದ ಬೇಟೆ ಹಿಡಿಯುವ ನಾಯಿ. ದೂರದಲ್ಲಿ ಸಣ್ಣದೇನಾದರೂ ಓಡಿದರೆ ಅದರ ಕಾಲು ತಡೆಯುವುದಿಲ್ಲ, ನೀವು ಕೂಗಿದ್ದು ಕೇಳಿಸುವುದೂ ಇಲ್ಲ. ಅದೇ ಕೋಣೆಯಲ್ಲಿ ಪೊಮೆರೇನಿಯನ್ ಥರದ ಸಣ್ಣ ನಾಯಿ ಒಂದು ಕಿರುಚುತ್ತ ಓಡಿದರೆ? ಮುಧೋಳದ್ದು ತಪ್ಪಲ್ಲ. ದೊಡ್ಡ ನಾಯಿ, ಸಣ್ಣ ನಾಯಿ ಬೇರೆ ಬೇರೆ ಇಡದವರ ತಪ್ಪು. ಇನ್ನೊಂದು, ಮುಧೋಳ, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಹಾಗೆ ಎದೆ ಆಳ ಇರುವ ನಾಯಿಗಳನ್ನು ಹೊಟ್ಟೆ ತುಂಬ ಉಂಡ ಮೇಲೆ ಕುಣಿಸಬಾರದು. ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಒಂದು ತೊಂದರೆ ಇದೆ. ಕೆಲವೇ ತಾಸಿನಲ್ಲಿ ಜೀವ ಹೋಗುತ್ತದೆ. ಉಂಡ ಮೇಲೆ ಎಷ್ಟು ಹೊತ್ತು ಮಲಗಿಸುತ್ತೀರಿ ಅಂತ ಕೇಳಿ. ನೋಡಿ, ಸುತ್ತಿ ಬಳಸಿ ಮತ್ತೆ ನಿದ್ದೆಗೇ ಬಂದೆ.

ಎಷ್ಟು ನಾಯಿಗೆ ಎಷ್ಟು ಜನ? ಹತ್ತು ನಾಯಿಗೆ ಒಬ್ಬರು, ಅದಕ್ಕಿಂತ ಜಾಸ್ತಿ ಆದರೆ ನಾನು ಬಿಡುವುದಿಲ್ಲ. ಆ ಒಬ್ಬರು ಊಟಕ್ಕೆ ಹೋದಾಗ ಯಾರು ಅಂತಲೂ ಕೇಳುತ್ತೇನೆ.

ಲಸಿಕೆಯ ವಿಷಯದಲ್ಲಿ ನೀವು ಕೇಳುವುದಲ್ಲ, ಅವರು ನಿಮ್ಮನ್ನು ಕೇಳಬೇಕು. ಕಾರ್ಡ್ ತನ್ನಿ, ತಾರೀಖು ತೋರಿಸಿ ಅಂತ ಗಂಟುಬೀಳಬೇಕು. ಕೇಳದೇ ಇದ್ದರೆ ನಿಮ್ಮ ನಾಯಿಯ ಪಕ್ಕದಲ್ಲಿ ಮಲಗುವ ನಾಯಿಯವರನ್ನೂ ಕೇಳಿಲ್ಲ ಅಂತ ಅರ್ಥ. ಮರಿಗೆ ಆರರಿಂದ ಎಂಟನೇ ವಾರಕ್ಕೆ ಮೊದಲ ಸೂಜಿ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದ ತನಕ. ಹುಚ್ಚು ನಾಯಿ ರೋಗದ ಸೂಜಿ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಇದು ಮುಗಿದು ಒಂದೆರಡು ವಾರ ಆಗುವ ತನಕ ಮರಿಯನ್ನು ನಾಯಿಗಳ ಗುಂಪಿಗೆ ಬಿಡಬೇಡಿ. ಪಾರ್ವೋ ಅನ್ನುವ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದ ತನಕ ಜೀವ ಹಿಡಿದಿರುತ್ತದೆ. ಫಿನಾಯಿಲ್ ವಾಸನೆ ಬರುತ್ತಿದೆ, ಸ್ವಚ್ಛ ಇದೆ ಅಂದುಕೊಳ್ಳುತ್ತೇವೆ. ಪಾರ್ವೋ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಬ್ಲೀಚ್ ಬೇಕು. ಏನು ಹಾಕಿ ತೊಳೆಯುತ್ತೀರಿ ಅಂತ ಕೇಳಿದಾಗ ಒಬ್ಬ ಹುಡುಗಿ ನನಗೆ ಎಷ್ಟು ನೀರಿಗೆ ಎಷ್ಟು ಬ್ಲೀಚ್, ಎಷ್ಟು ನಿಮಿಷ ಬಿಡಬೇಕು ಅಂತ ಹೇಳಿದಳು. ಆ ಜಾಗದ ಗೋಡೆಗೆ ಬಣ್ಣವೂ ಇರಲಿಲ್ಲ. ಕೊನೆಗೆ ಚಿನ್ನಿಯನ್ನು ಬಿಟ್ಟದ್ದು ಅಲ್ಲೇ.

ಮಳೆಗಾಲಕ್ಕೆ ಇಲಿಯ ಕಡೆ ಲಕ್ಷ್ಯ ಇರಲಿ. ಇಲಿಯ ಉಚ್ಚೆ ಸೇರಿದ ನೀರಿನಿಂದ ಲೆಪ್ಟೋ ಅನ್ನುವ ಇಲಿ ಜ್ವರ ಬರುತ್ತದೆ. ಅದು ನಾಯಿಯಿಂದ ನಮಗೂ ದಾಟುತ್ತದೆ. ನಾಯಿ ಆಹಾರದ ಚೀಲ ಬಾಯಿ ತೆರೆದು ಇಟ್ಟಿದ್ದರೆ ಅಲ್ಲಿ ಇಲಿ ಇದೆ ಅಂತಲೇ ತಿಳಿಯಿರಿ. ಕೆನಲ್ ಕೆಮ್ಮು ಇನ್ನೊಂದು. ಗಂಟಲಲ್ಲಿ ಏನೋ ಸಿಕ್ಕ ಹಾಗೆ ಕೆಮ್ಮುತ್ತದೆ. ಒಂದಕ್ಕೆ ಬಂದರೆ ಗುಂಪಿಗೆಲ್ಲ. ಕೆಮ್ಮುವ ನಾಯಿಯನ್ನು ಅವರು ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆಯೇ? ನಿಮ್ಮದನ್ನೇ ಒಂದು ದಿನ ಕಳಿಸಿದರೆ ಸಿಟ್ಟಾಗಬೇಡಿ, ಅದು ಒಳ್ಳೆಯ ಲಕ್ಷಣ.

ಇನ್ನು ನನ್ನ ಮೆಚ್ಚಿನ ಪ್ರಶ್ನೆ. "ನಿಮ್ಮಲ್ಲಿ ಕೊನೆಯ ಸಲ ನಾಯಿಗಳು ಕಚ್ಚಾಡಿದ್ದು ಯಾವಾಗ?" ಇದನ್ನು ಕೇಳಿ ಸುಮ್ಮನೆ ಮುಖ ನೋಡಿ. "ನಮ್ಮಲ್ಲಿ ಅಂಥಾದ್ದೆಲ್ಲ ಆಗಂಗಿಲ್ರಿ" ಅಂದರೆ ಒಂದೋ ಅವರು ನೋಡುತ್ತಿಲ್ಲ, ಇಲ್ಲವೇ ಹೇಳುತ್ತಿಲ್ಲ. ಹತ್ತು ನಾಯಿ ಸೇರಿದ ಕಡೆ ಜಗಳ ಆಗದೇ ಇರುತ್ತದೆಯೇ? ಹತ್ತು ಮನುಷ್ಯರು ಸೇರಿದ ಕಡೆಯೇ ಆಗುತ್ತದೆ. "ಹೋದ ತಿಂಗಳು ಆತ್ರಿ, ಚೆಂಡಿನ ಸಲುವಾಗಿ. ಅವತ್ತಿನಿಂದ ಚೆಂಡು ತೆಗೆದಿಟ್ಟೀವಿ" ಅಂತ ಹೇಳಿದರೆ ಅವರನ್ನು ನಂಬಬಹುದು. ಮನುಷ್ಯರಿಗೆ ಕಚ್ಚಿದರೆ ಮೊದಲು ಏನು ಮಾಡುತ್ತೀರಿ ಅಂತಲೂ ಕೇಳಿ. ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ದವಾಖಾನೆಗೆ ಹೋಗಬೇಕು. ಅರಿಶಿನ, ಸುಣ್ಣ ಅಂದರೆ ಅವರಿಗೇ ಪಾಠ ಮಾಡಿ ಬನ್ನಿ.

ಜಗಳಕ್ಕೆ ಮೊದಲು ನಾಯಿ ಬಹಳ ಮಾತಾಡುತ್ತದೆ. ನಮಗೆ ಕೇಳುವುದಿಲ್ಲ. ಬಾಲ ಅಲ್ಲಾಡಿಸಿದರೆ ಖುಷಿ ಅಂದುಕೊಂಡಿದ್ದೇವೆ. ಮೈ ಎಲ್ಲ ಸಡಿಲ ಇದ್ದು ಸೊಂಟದ ಸಮೇತ ಬಾಲ ಬೀಸಿದರೆ ಖುಷಿ. ಮೈ ಬಿಗಿಹಿಡಿದು, ಬಾಲ ಮೇಲೆತ್ತಿ, ತುದಿಯಷ್ಟೇ ಪಟಪಟ ಅಂದರೆ ಅದು ಎಚ್ಚರಿಕೆ. ನಿದ್ದೆ ಬಾರದ ಹೊತ್ತಿನಲ್ಲಿ ಆಕಳಿಸುವುದು, ಊಟ ಇಲ್ಲದೆ ತುಟಿ ನೆಕ್ಕುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಇವೆಲ್ಲ "ಸಾಕು, ಬಿಡು" ಅನ್ನುವ ಮಾತು. ಚಿನ್ನಿಯ ಹಳೆಯ ವಿಡಿಯೋಗಳನ್ನು ಮತ್ತೆ ತೆಗೆದು ನೋಡಿದೆ. ನಾವು ನಕ್ಕು ನಕ್ಕು ಎಲ್ಲರಿಗೂ ಕಳಿಸಿದ್ದ ವಿಡಿಯೋದಲ್ಲಿ ಅವಳು ಮೂರು ಸಲ ಆಕಳಿಸಿದ್ದಾಳೆ.

ಜಾಗ ಗೊತ್ತಾದ ಮೇಲೆ ಮೊದಲ ದಿನವೇ ಒಂಬತ್ತು ತಾಸು ಬಿಡಬೇಡಿ. ಒಂದು ದಿನ ಒಂದು ತಾಸು, ನೀವೂ ಅಲ್ಲೇ ಇರಿ. ಆಮೇಲೆ ಅರ್ಧ ದಿನ. ಮೊದಲೆರಡು ದಿನ ಹೊಸ ಜಾಗದ ಕುತೂಹಲದಲ್ಲಿ ಎಳೆದುಕೊಂಡು ಒಳಗೆ ಹೋಗುತ್ತದೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಎರಡನೇ ವಾರ ಗೇಟಿನ ಹತ್ತಿರ ಏನು ಮಾಡುತ್ತದೆ ನೋಡಿ. ದಿನಾ ಕಳಿಸಲೇಬೇಕು ಅಂತೇನೂ ಇಲ್ಲ. ಚಿನ್ನಿ ಆಮೇಲೆ ಹೋಗುತ್ತಿದ್ದದ್ದು ವಾರಕ್ಕೆ ಎರಡೇ ದಿನ. ಉಳಿದ ದಿನ ಮಧ್ಯಾಹ್ನದ ಹೊತ್ತು ಮನೆಗೆ ಬಂದು ಹೋಗುವವರನ್ನು ಇಟ್ಟುಕೊಂಡೆವು. ಮರಿಯಿದ್ದಾಗ ಎಲ್ಲರ ಜೊತೆ ಆಡುತ್ತಿದ್ದ ನಾಯಿ ಎರಡು ಮೂರು ವರ್ಷಕ್ಕೆ ಗೆಳೆಯರನ್ನು ಆರಿಸಲು ಶುರು ಮಾಡುತ್ತದೆ. ಗುಂಪು ಬೇಡ ಅನ್ನುತ್ತದೆ. ಅದು ಕೆಟ್ಟದ್ದಾಯಿತು ಅಂತಲ್ಲ, ದೊಡ್ಡದಾಯಿತು ಅಂತ. ಹೆಣ್ಣು ನಾಯಿ ಬೆದೆಗೆ ಬಂದ ಎರಡು ಮೂರು ವಾರ ಕಳಿಸಲೇಬೇಡಿ.

ಊಟ ನಿಮ್ಮದೇ ಡಬ್ಬಿಯಲ್ಲಿ ಕಳಿಸಿ. ಅಲ್ಲಿನ ಹುಡುಗರು ಪ್ರೀತಿಯಿಂದಲೇ ತಮ್ಮ ತಾಟಿನಿಂದ ಹಾಕುತ್ತಾರೆ. ನಮ್ಮ ಪಲ್ಯ, ಝುಣಕ ಅಂದರೆ ಉಳ್ಳಾಗಡ್ಡಿ ಇಲ್ಲದೆ ಆಗುತ್ತದೆಯೇ? ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣ ಒಡೆಯುತ್ತವೆ. ಒಣದ್ರಾಕ್ಷಿ ಕಿಡ್ನಿ ಹಾಳು ಮಾಡಬಹುದು. ಬಿಜಾಪುರದ ಕಡೆಯಿಂದ ನೆಂಟರು ತಂದ ದ್ರಾಕ್ಷಿಯನ್ನು ಹಂಚಿ ತಿನ್ನುವಾಗ ನಾಯಿಗೊಂದು ಅಂತ ಕೊಡಬೇಡಿ. ಚಾಕೊಲೇಟ್ ಎಲ್ಲರಿಗೂ ಗೊತ್ತು. ಡಬ್ಬಿಯ ಜೊತೆ ಒಂದು ಚೀಟಿ. ನಿಮ್ಮ ನಂಬರ್, ನಿಮ್ಮ ಡಾಕ್ಟರ ನಂಬರ್, ಮತ್ತು "ನಾವು ಫೋನಿಗೆ ಸಿಗದಿದ್ದರೆ ಚಿಕಿತ್ಸೆ ಶುರು ಮಾಡಿಸಿ, ಖರ್ಚು ನಮ್ಮದು" ಅಂತ ಸಹಿ. ಈ ಒಂದು ಸಾಲು ಇಲ್ಲದೆ ಅವರು ಹೆದರಿ ಕೂರುತ್ತಾರೆ, ಹೊತ್ತು ಹೋಗುತ್ತದೆ.

ಹಬ್ಬದ ದಿನ ಕೇಳದೆ ಬಿಡಬೇಡಿ. ಹುಬ್ಬಳ್ಳಿಯ ರಂಗಪಂಚಮಿ ನಿಮಗೆ ಗೊತ್ತೇ ಇದೆ. ಹೋಳಿ ಮುಗಿದು ಐದನೇ ದಿನಕ್ಕೆ ಅಲ್ಲಿ ರಸ್ತೆಗೆ ರಸ್ತೆಯೇ ಬಣ್ಣ. ಅದಕ್ಕೆ ಮೊದಲು ದಿನಾ ಹಲಗೆ ಬಡಿತ. ನಾಯಿಗೆ ಆ ಸದ್ದು ನಮಗಿಂತ ಎಷ್ಟೋ ಜೋರು. ಮೈಮೇಲೆ ಬಣ್ಣ ಬಿದ್ದರೆ ನೆಕ್ಕಿ ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಅವತ್ತು ಕೆಲಸದ ಹುಡುಗರೂ ಆಡಲು ಹೋಗಿರುತ್ತಾರೆ, ಹೋಗಲಿ ಬಿಡಿ, ವರ್ಷಕ್ಕೊಂದು ದಿನ. ನೀವು ರಜೆ ಹಾಕಿ. ದೀಪಾವಳಿಗೂ ಅಷ್ಟೇ.

ಹಿಂದೆ ಕೂತವರು ಒಬ್ಬರು ಕೇಳಿದರು, ಅವರ ನಾಯಿಗೆ ಹದಿಮೂರು ವರ್ಷ, ಕಣ್ಣು ಮಂಜು, ಇಂಥದ್ದನ್ನು ಎಲ್ಲಿ ಬಿಡೋದು ಅಂತ. ಎಲ್ಲೂ ಬಿಡಬೇಡಿ. ಕಣ್ಣು ಕಾಣದ ನಾಯಿಗೆ ಮನೆಯ ನಕ್ಷೆ ಮೂಗಿನಲ್ಲಿ ಇರುತ್ತದೆ. ಹೊಸ ಜಾಗದಲ್ಲಿ ಅದು ಪೂರ್ತಿ ಕುರುಡು. ಕುರ್ಚಿ ಮೇಜು ಜಾಗ ಬದಲಿಸಬೇಡಿ. ಟೈಲ್ಸ್ ಮೇಲೆ ಕಾಲು ಜಾರುತ್ತದೆ. ಹಾಸಿಗೆಯಿಂದ ನೀರಿನ ತನಕ, ನೀರಿನಿಂದ ಬಾಗಿಲ ತನಕ ಹಳೆಯ ಜಮಖಾನೆ ಹಾಸಿ. ಅದರ ಮೇಲೇ ನಡೆಯುವುದನ್ನು ಎರಡು ದಿನದಲ್ಲಿ ಕಲಿಯುತ್ತದೆ. ಮಧ್ಯಾಹ್ನ ಯಾರಾದರೂ ಬಂದು ಹೊರಗೆ ಕರೆದೊಯ್ಯಲಿ, ಎರಡು ಸಲ ಆದರೆ ಇನ್ನೂ ಛಲೋ. ಬಂದವರು ಒಳಗೆ ಕಾಲಿಡುವ ಮೊದಲು ಬಾಗಿಲಲ್ಲೇ ನಿಂತು ಹೆಸರು ಹಿಡಿದು ಕರೆಯಬೇಕು. ಕಿವಿಯೂ ಮಂದ ಆಗಿದ್ದರೆ ನೆಲಕ್ಕೆ ಎರಡು ಸಲ ಕಾಲು ಬಡಿಯಲಿ. ಮಲಗಿದ್ದನ್ನು ಮುಟ್ಟಿ ಎಬ್ಬಿಸಬಾರದು.